ಅಧಿಕ ಮಾಸದ ಬಾಡಿಗೆ

ನನ್ನ ಸೋದರಮಾವನನ್ನು ಬಾಡಿಗೆ ಮನೆಯಿಂದ ಹೊರಹಾಕಲು ಪುಣೆಯ ಮಾಲಕರಿಗೆ ಹೊಳೆದ ಉಪಾಯ ಒಂದೇ: ಆ ಮನೆಯನ್ನೇ ಅವನಿಗೆ ಮಾರಿಬಿಡುವುದು! ನೀವು ನಗುತ್ತೀರಿ. ಕಸಬಾ ಪೇಟೆಯ ಆ ಮಾಲಕ ನಗಲಿಲ್ಲ. ಪಾಪ, ಅವನು ನೋಟೀಸು ಕೊಟ್ಟು ನೋಡಿದ, ದಾವೆ ಹಾಕಿ ನೋಡಿದ, ಅಂಗಳದ ನೀರಿನ ಹೌದಿಗೆ ಬೀಗ ಜಡಿದು ನೋಡಿದ, ಕೊನೆಗೆ ಮನೆಯಲ್ಲಿ ದೆವ್ವವಿದೆಯೆಂದು ಓಣಿಯ ತುಂಬ ಸುದ್ದಿ ಹಬ್ಬಿಸಿಯೂ ನೋಡಿದ. ಮಾವ ಮರುದಿನವೇ ಅವನಿಗೊಂದು ಕಾಗದ ಬರೆದ: ನಮ್ಮ ಕೋಣೆಗಳಲ್ಲಿ ನಮ್ಮ ಹೊರತು ಇನ್ನೊಬ್ಬರೂ ವಾಸವಾಗಿದ್ದಾರೆಂದು ತಾವೇ ಹೇಳುತ್ತಿರುವುದರಿಂದ, ಬಾಡಿಗೆಯಲ್ಲಿ ಅವರ ಪಾಲಿನ ಅರ್ಧವನ್ನು ದಯಮಾಡಿ ಅವರಿಂದಲೇ ವಸೂಲು ಮಾಡಿಕೊಳ್ಳಬೇಕು. ಇದನ್ನು ಓದಿದ ಮಾಲಕ ಕಾಶಿಗೆ ಹೋಗುವುದೆಂದು ನಿರ್ಧರಿಸಿದನಂತೆ. ಹೋಗುವ ಮೊದಲು ಮನೆಯನ್ನು ಸಿಕ್ಕ ಬೆಲೆಗೆ ಮಾವನ ಕೈಗೆ ಹಾಕಿ, ಕಾಶಿಯಲ್ಲಿ ಸಿಗಬೇಕಾದ ಮುಕ್ತಿಯನ್ನು ಕಸಬಾ ಪೇಟೆಯಲ್ಲೇ ಪಡೆದ.

ಹಾಗಾದರೆ ಮಾವ ಬಾಡಿಗೆ ಮುಳುಗಿಸುವ ಠಕ್ಕನಾಗಿದ್ದನೆ? ಛೇ, ಛೇ. ಮೀಸೆ ಮೂಡುವ ವಯಸ್ಸಿನಲ್ಲಿ ಧಾರವಾಡದ ಕಡೆಯಿಂದ ಬಂದು, ದಂಡಿನ ಲೆಕ್ಕದ ಕಚೇರಿಯಲ್ಲಿ ಕಾರಕೂನನಾಗಿ ಸವೆದು ಪೆನ್ಶನ್ ಪಡೆದವನು ಅವನು. ತಿಂಗಳ ಬಾಡಿಗೆಯನ್ನು ಮಾಲಕ ಕೆಮ್ಮುವ ಮೊದಲೇ ಕೊಡುತ್ತಿದ್ದ. ತಕರಾರು ಇದ್ದದ್ದು ಒಂದೇ ಒಂದು ತಿಂಗಳದು, ಅದೂ ಮೂರು ವರ್ಷಕ್ಕೊಮ್ಮೆ ತಲೆ ಹಾಕುವಂಥದು. ಅಧಿಕ ಮಾಸ.

ನೋಡಿ, ಆಗ ಹಳೆಯ ಪೇಟೆಗಳ ಎಷ್ಟೋ ವಾಡೆಗಳಲ್ಲಿ ಬಾಡಿಗೆಯ ತಿಂಗಳೆಂದರೆ ಪಂಚಾಂಗದ ತಿಂಗಳು, ಪಾಡ್ಯದಿಂದ ಅಮಾವಾಸ್ಯೆಯ ತನಕ. ಮಾವನ ಪಗಾರ ಬರುವುದು ಇಂಗ್ಲೀಷ್ ತಿಂಗಳಿಗೆ. ಸರಕಾರ ಯಾವ ವರ್ಷವೂ ಹನ್ನೆರಡಕ್ಕಿಂತ ಹೆಚ್ಚು ಪಗಾರ ಕೊಟ್ಟದ್ದಿಲ್ಲ. ಅಧಿಕ ಮಾಸ ಬಂದ ವರ್ಷ ಮಾಲಕ ಮಾತ್ರ ಹದಿಮೂರನೆಯ ಬಾಡಿಗೆಗೆ ಕೈಚಾಚುತ್ತಾನೆ. ಮಾವನಿಗೆ ಇದು ಜಗತ್ತಿನ ಮಹಾ ಅನ್ಯಾಯವಾಗಿ ಕಂಡಿತ್ತು. ಆ ತಿಂಗಳು ಮದುವೆ ಇಲ್ಲ, ಮುಂಜಿ ಇಲ್ಲ, ಗೃಹಪ್ರವೇಶ ಇಲ್ಲ. ಬಾಡಿಗೆಗೆ ಮಾತ್ರ ಮುಹೂರ್ತ ಇದೆಯೆ? ಇದಕ್ಕೂ ಜಗ್ಗದ ಮಾಲಕನಿಗೆ ಅವನು ತನ್ನ ಬ್ರಹ್ಮಾಸ್ತ್ರ ಬಿಡುತ್ತಿದ್ದ.

"ಅಧಿಕ ಮಾಸದಾಗ ಸೂರ್ಯ ಸೈತ ರಾಶಿ ಬದಲ್ಸಂಗಿಲ್ಲರಿ. ಇದ್ದಲ್ಲೇ ಕೂತಿರ್ತಾನ. ಅವಗ ಯಾವ ಮಾಲಕ ಬಾಡಿಗಿ ಕೇಳ್ಯಾನ?"

ಪಂಚಾಂಗದ ತಿಂಗಳು ಇಂಗ್ಲೀಷ್ ತಿಂಗಳಿಗಿಂತ ತುಸು ಗಿಡ್ಡ, ಆ ಗಿಡ್ಡತನವೆಲ್ಲ ಸೇರಿಯೇ ಅಧಿಕ ಮಾಸವಾಗುವುದು, ಆದ್ದರಿಂದ ಮಾಲಕ ಕೇಳುವುದು ನ್ಯಾಯವೇ ಎಂದು ನಾನೊಮ್ಮೆ ಪಾಟಿಯ ಮೇಲೆ ಲೆಕ್ಕ ಮಾಡಿ ತೋರಿಸಿದೆ. ಮಾವ ಪಾಟಿ ಒರೆಸಿಹಾಕಿ, ನೀನು ಪುಣೆಗೆ ಬಂದದ್ದು ಕಾನೂನು ಓದಲಿಕ್ಕೋ ಲೆಕ್ಕ ಓದಲಿಕ್ಕೋ ಎಂದು ಕೇಳಿದ. ನನ್ನ ಪರೀಕ್ಷೆಯ ಫಲಿತಾಂಶಗಳನ್ನು ನೋಡಿದರೆ ಎರಡಕ್ಕೂ ಅಲ್ಲವೆಂದು ತಿಳಿಯುತ್ತಿತ್ತು. ನಾನು ಅವನ ಮನೆಯಲ್ಲಿ ಉಂಡು ಮಲಗಿ ಲಾ ಕಾಲೇಜಿಗೆ ಹೋಗುತ್ತಿದ್ದೆ. ಹೋಗುತ್ತಿದ್ದೆ ಎನ್ನುವುದು ಕೊಂಚ ದೊಡ್ಡ ಮಾತಾಯಿತು. ಅದರ ದಿಕ್ಕಿನಲ್ಲಿ ಹೊರಡುತ್ತಿದ್ದೆ.

ಕಾಲೇಜು ಕಲಿಸದ್ದನ್ನು ಮಾವ ಕಲಿಸಿದ. ಉಳಿದವರ ಸೋದರಮಾವಂದಿರು ವಿಷ್ಣುಸಹಸ್ರನಾಮ ಬಾಯಿಪಾಠ ಮಾಡಿಸುತ್ತಾರೆ. ನನ್ನವನು ಮಾಡಿಸಿದ್ದು ಇದು. ಬಾಡಿಗೆ ಕೊಡದವನನ್ನು ಎಬ್ಬಿಸಬೇಕಾದರೆ ಮಾಲಕ ಮೊದಲು ನೋಟೀಸು ಕೊಡಬೇಕು. ಆ ನೋಟೀಸಿನ ಗಡುವು ಬಾಡಿಗೆಯ ತಿಂಗಳು ಮುಗಿಯುವ ದಿನಕ್ಕೇ ಸರಿಯಾಗಿ ಮುಗಿಯಬೇಕು. ಆಚೀಚೆ ಆಯಿತೋ ನೋಟೀಸು ಸತ್ತಿತು, ನೋಟೀಸು ಸತ್ತರೆ ದಾವೆ ಸತ್ತಿತು. ದಾವೆ ಗೆದ್ದರೂ ಮಾಲಕ ತಾನೇ ಬಂದು ಬಾಗಿಲು ಮುರಿಯುವ ಹಾಗಿಲ್ಲ. ಮತ್ತೊಂದು ದರಖಾಸ್ತು ಕೊಟ್ಟು ಕೋರ್ಟಿನ ಬೇಲೀಫನನ್ನು ಕರೆಸಬೇಕು. ಬೇಲೀಫ ಹೊತ್ತು ಮುಳುಗಿದ ಮೇಲೆ ಒಳಗೆ ಕಾಲಿಡುವಂತಿಲ್ಲ. ಅಡುಗೆಯ ಪಾತ್ರೆ, ಹಾಸಿಗೆ, ಕಸುಬಿನ ಹತ್ಯಾರು ಇವುಗಳನ್ನು ಜಪ್ತಿ ಮಾಡುವಂತಿಲ್ಲ. ಇಷ್ಟು ತಿಳಿದವನನ್ನು ಪುಣೆಯಲ್ಲಿ ಯಾರೂ ಅಲುಗಿಸಲಾರರು ಎಂದು ಮಾವ ಹೇಳುತ್ತಿದ್ದ. ಮತ್ತು ಅಲುಗದೆ ತೋರಿಸುತ್ತಿದ್ದ.

ಇಂಥವನು ಮಾಲಕನಾದ! ಹುಲಿಗೆ ಗೋಶಾಲೆ ಬರೆದುಕೊಟ್ಟ ಹಾಗಾಯಿತು ಎಂದು ನೀವು ಅಂದುಕೊಳ್ಳಬಹುದು. ಆದದ್ದು ಬೇರೆ. ಹುಲಿ ಹಟ್ಟಿಯಲ್ಲಿ ನಿಂತು ಹುಲ್ಲು ಮೇಯತೊಡಗಿತು.

ಮನೆ ಕೊಳ್ಳಲು ಪೆನ್ಶನ್ ಹಣ ಸಾಲದೆ ಮಾಮಿ ತನ್ನ ಕೈಯ ಬಂಗಾರದ ಬಳೆ, ಪಾಟ್ಲಿಗಳನ್ನು ಸರಾಫನಲ್ಲಿ ಒತ್ತೆ ಇಟ್ಟಿದ್ದಳು. ಮಾಮಿ ಎಂದರೆ ಮಾವನ ಹೆಂಡತಿ. ಮಾತು ಕಡಿಮೆ, ತೂಕ ಹೆಚ್ಚು. ಕೆಳಗಿನ ಎರಡು ಖೋಲಿಗಳಲ್ಲಿ ನಾವು ಮೊದಲಿನ ಹಾಗೆಯೇ ಇದ್ದೆವು. ಮೇಲಿನ ಎರಡು ಖೋಲಿಗಳಲ್ಲಿ ತಾತ್ಯಾ, ಅವನ ಹೆಂಡತಿ ಕಾಕೂ. ಅವರು ಮನೆಯ ಜೊತೆಗೇ ಬಂದ ಬಾಡಿಗೆದಾರರು. ಆ ಬಾಡಿಗೆಯಿಂದ ಪಾಟ್ಲಿ ಬಿಡಿಸುವುದೆಂದು ಮಾಮಿಯ ಲೆಕ್ಕ.

ಮಾಲಕನಾದ ಮೇಲಿನ ಮೊದಲ ಪಾಡ್ಯದ ಬೆಳಿಗ್ಗೆ ಯಾರೋ ಬಾಗಿಲು ತಟ್ಟಿದರು. ಹಳೆಯ ಮಾಲಕ ಅಧಿಕ ಮಾಸದ ಬಾಕಿ ಕೇಳಲು ಬರುತ್ತಿದ್ದದ್ದು ಪಾಡ್ಯಕ್ಕೇ. ವರ್ಷಗಟ್ಟಲೆಯ ರೂಢಿ ನೋಡಿ, ಪಾಡ್ಯದ ದಿನ ಬಾಗಿಲು ತಟ್ಟಿದರೆ ಮಾವನ ಕಾಲು ತಾನಾಗಿ ಹಿತ್ತಿಲ ಕೋಣೆಗೆ ಓಡುತ್ತದೆ. ಓಡಿ ಜೋಳದ ಚೀಲಗಳ ಹಿಂದೆ ಕೂತುಬಿಟ್ಟ. ನಾನೂ ಅವನ ಗರಡಿಯಲ್ಲೇ ಪಳಗಿದವನಲ್ಲವೆ? ಬಾಗಿಲು ತೆರೆದು, ಯಾರು ಏನು ಎಂದು ನೋಡದೆ, ಮಾವ ಧಾರವಾಡಕ್ಕೆ ಹೋಗಿದ್ದಾರೆ, ಬರುವುದು ತಡವಾಗುತ್ತದೆ ಎಂದು ಸರಾಗವಾಗಿ ಮರಾಠಿಯಲ್ಲಿ ಹೇಳಿದೆ. ಎದುರಿಗೆ ನಿಂತವನು ತಾತ್ಯಾ. ಬಾಡಿಗೆ ಕೊಡಲು ಬಂದಿದ್ದ! ಇರಲಿ, ಅವರು ಊರಿಂದ ಬಂದ ಮೇಲೆ ಕೊಡುತ್ತೇನೆ ಎಂದು ಹೇಳಿ ಹಣವನ್ನು ಮತ್ತೆ ಅಂಗಿಯ ಕಿಸೆಗೆ ಹಾಕಿಕೊಂಡು ಮೇಲೆ ಹೋದ. ಮಾವ ಚೀಲಗಳ ಹಿಂದಿನಿಂದ ಎದ್ದು ಬಂದು, ಧಾರವಾಡದಿಂದ ಇಷ್ಟು ಬೇಗ ಹಿಂತಿರುಗುವುದು ಸರಿ ಕಾಣದೆಂದು ಒಂದು ವಾರ ಮೆಟ್ಟಿಲ ಕಡೆ ಸುಳಿಯಲಿಲ್ಲ. ಅಷ್ಟರಲ್ಲಿ ಆ ಹಣ ಗಿರಣಿಯವನ ಹತ್ತಿರ ಹಿಟ್ಟಾಗಿ ಹೋಗಿತ್ತು. ತಾತ್ಯಾನ ಕೈಯಲ್ಲಿ ಪೂರ್ತಿ ಬಾಡಿಗೆ ಕಂಡದ್ದು ಅದೇ ಕೊನೆ.

ತಾತ್ಯಾ ನಾಟಕ ಕಂಪನಿಗಳಿಗೆ ಪಡದೆ ಬರೆಯುವ ಪೇಂಟರ. ಕಾಡು, ಅರಮನೆ, ಸೆರೆಮನೆ, ಪೇಟೆಯ ಬೀದಿ, ಏನು ಬೇಕು ಹೇಳಿ, ಎರಡು ವಾರದಲ್ಲಿ ಎಬ್ಬಿಸಿ ನಿಲ್ಲಿಸುತ್ತಿದ್ದ. ಆದರೆ ಆಗಷ್ಟೇ ಮಾತಾಡುವ ಸಿನಿಮಾ ಬಂದಿತ್ತು. ನಾಟಕ ಕಂಪನಿಗಳು ಒಂದೊಂದಾಗಿ ದೀಪ ಆರಿಸುತ್ತಿದ್ದವು. ಸಿನಿಮಾದವರಿಗೂ ಪಡದೆ ಬೇಕು, ಇಲ್ಲವೆಂದಲ್ಲ. ಆದರೆ ಬೇಕಾದದ್ದು ಒಂದೇ ಒಂದು, ಅದೂ ಖಾಲಿ ಬಿಳಿಯದು. ಅದಕ್ಕೆ ಪೇಂಟರ ಯಾಕೆ? ಕಂಪನಿಗಳು ತಾತ್ಯಾನಿಗೆ ಕೊಡಬೇಕಾದ ದುಡ್ಡಿನ ಬದಲು ಅವನ ಹಳೆಯ ಪಡದೆಗಳನ್ನೇ ಅವನಿಗೆ ಹಿಂದಿರುಗಿಸಿದವು. ಮೇಲಿನ ಎರಡು ಖೋಲಿಗಳು ಅವುಗಳಿಂದ ತುಂಬಿಹೋದವು. ಅಡುಗೆಮನೆಗೆ ಅಡ್ಡವಾಗಿ ದಂಡಕಾರಣ್ಯ ಇಳಿಬಿದ್ದಿತ್ತು. ಕಾಕೂ ಚಹಾ ತರುವಾಗ ಒಂದು ಆಲದ ಮರವನ್ನು ಎತ್ತಿ ಅದರ ಕೆಳಗಿನಿಂದ ಬರುತ್ತಿದ್ದಳು.

ಹೀಗೆ ತಿಂಗಳ ಮೇಲೆ ತಿಂಗಳು ಹೋಯಿತು, ಬಾಡಿಗೆ ಬರಲಿಲ್ಲ. ಆ ವರ್ಷವೇ ಅಧಿಕ ಭಾದ್ರಪದ ಬಂತು. ಮಾವ ಅಭ್ಯಾಸಬಲದಿಂದ, ಈ ತಿಂಗಳಿನದು ಕೊಡಬೇಕಾದ್ದೇ ಇಲ್ಲ ಎಂದು ಊಟದ ಹೊತ್ತಿಗೆ ಸಂತೋಷದಿಂದ ಸಾರಿದ. ಮಾಮಿ ಅನ್ನದ ಸೌಟು ಕೆಳಗಿಟ್ಟಳು.

"ನನ್ನ ಪಾಟ್ಲಿ ಸರಾಫನ ಪೆಟಗಿಯೊಳಗ ಕೂತಾವ. ಬಡ್ಡಿ ಕೇಳೋ ಮುಂದ ಅವಾ ಯಾವ ಪಂಚಾಂಗನೂ ನೋಡಂಗಿಲ್ಲ."

ದಾವೆ ಹಾಕುವುದೆಂದು ಅಂದೇ ತೀರ್ಮಾನವಾಯಿತು. ನಾನು ಗಾಬರಿಯಾದೆ. ಮಾವ ಮಾತ್ರ ಹೊಸ ಪಂಚೆ ಕೊಡಿಸಿದ ಹಾಗೆ ಉಬ್ಬಿಹೋದ. ಅವನ ಪ್ರಕಾರ ದಾವೆ ಎಂದರೆ ಜಗಳವಲ್ಲ, ಒಂದು ಸಂಬಂಧ. ಮಾಲಕ ಹಾಕಬೇಕು, ಬಾಡಿಗೆದಾರ ತಪ್ಪಿಸಿಕೊಳ್ಳಬೇಕು. ಮತ್ತೆ ಹಾಕಬೇಕು, ಮತ್ತೆ ತಪ್ಪಿಸಿಕೊಳ್ಳಬೇಕು. ಹೀಗೆ ವರ್ಷಗಟ್ಟಲೆ ನಡೆಯುವಾಗ ನಡುವೆ ಮಕ್ಕಳ ಮುಂಜಿಗಳಾಗುತ್ತವೆ, ಕೂದಲು ಹಣ್ಣಾಗುತ್ತವೆ, ಯಾರ ಮರ್ಯಾದೆಗೂ ಕುಂದಿಲ್ಲ. ದಾವೆ ಹಾಕಿದರೆ ಮಾಮಿಗೂ ಸಮಾಧಾನ, ತಪ್ಪಿಸಿಕೊಂಡರೆ ತಾತ್ಯಾನಿಗೂ ಸೂರು. ಅದಕ್ಕಾಗಿ ಮಾವ ಒಂದು ಏರ್ಪಾಟು ಮಾಡಿದ: ನೋಟೀಸಿನಲ್ಲಿ ಒಂದು ತಪ್ಪು ಇಡುವುದು. ಬಾಕಿ ಕೇಳುವಾಗ ಅಧಿಕ ಭಾದ್ರಪದದ ಹೆಸರು ಹಾಕಿ ಪಂಚಾಂಗದ ಲೆಕ್ಕ ಹಿಡಿಯುವುದು. ಮನೆ ಬಿಡುವ ಗಡುವನ್ನು ಮಾತ್ರ ಇಂಗ್ಲೀಷ್ ತಿಂಗಳ ಕೊನೆಗೆ ಕೊಡುವುದು. ನಮ್ಮ ಬಾಡಿಗೆಯ ತಿಂಗಳು ಪಂಚಾಂಗದ್ದು ಎಂದು ತಾತ್ಯಾ ಕೋರ್ಟಿನಲ್ಲಿ ಒಂದು ಮಾತು ಹೇಳಿದರೆ ಸಾಕು, ನೋಟೀಸು ಅಲ್ಲೇ ಸಾಯುತ್ತದೆ.

"ಬಾಡಿಗಿದಾರಗ ಹಿಡೀಲಿಕ್ಕೆ ಒಂದು ಕೊಂಡಿನರೆ ಬಿಟ್ಟಿರಬೇಕಲ್ಲೋ" ಎಂದ ಮಾವ. "ನನಗ ಎಲ್ಲಾ ಮಾಲಕರೂ ಬಿಟ್ಟಿದ್ರು. ದೊಡ್ಡ ಮನಸಿನ ಮಂದಿ."

ಆ ಮಂದಿ ಅದನ್ನು ಬಿಟ್ಟದ್ದು ದೊಡ್ಡ ಮನಸ್ಸಿನಿಂದಲ್ಲ, ದಡ್ಡ ವಕೀಲರಿಂದ ಎಂದು ಹೇಳಲು ನನಗೆ ಧೈರ್ಯವಾಗಲಿಲ್ಲ; ಆ ವಕೀಲರ ಸಾಲಿಗೆ ಸೇರಲಿಕ್ಕೆಂದೇ ನಾನು ಓದುತ್ತಿದ್ದೆನಲ್ಲ.

ನೋಟೀಸು ಬರೆಯುವ ಕೆಲಸ ನನಗೆ ಬಂತು. ಅದುವರೆಗೆ ನಾನು ಮರಾಠಿಯಲ್ಲಿ ಬರೆದ ಏಕೈಕ ಗಂಭೀರ ಬರವಣಿಗೆಯೆಂದರೆ ಬೀಗರ ಕಡೆಯವರಿಗೆಂದು ಬರೆದ ನನ್ನ ಅಕ್ಕನ ಲಗ್ನಪತ್ರಿಕೆ. ಅದರ ಧಾಟಿಯೇ ಕೈಯಲ್ಲಿ ಕೂತಿತ್ತು. ತಾವು ಸಹಕುಟುಂಬ ಸಹಪರಿವಾರ ಸದರಿ ದಿನದಂದು ಖೋಲಿ ತೆರವು ಮಾಡಿಕೊಟ್ಟು ನಮ್ಮ ಆನಂದವನ್ನು ಹೆಚ್ಚಿಸಬೇಕಾಗಿ ವಿನಂತಿ ಎಂದು ಬರೆದೆ. ಮಾವ ಓದಿ, ತಪ್ಪು ಒಂದೇ ಇಡು ಅಂದಿದ್ದೆ, ನೀನು ಜಾತ್ರೆಯನ್ನೇ ಇಟ್ಟಿದ್ದೀಯ ಎಂದ. ಆದರೂ ಹಾಗೆಯೇ ಇರಲಿ, ಮಾತು ಮೃದುವಾಗಿದೆ ಎಂದು ಸಹಿ ಮಾಡಿದ.

ನೋಟೀಸು ಕೊಡಲು ಇಬ್ಬರೂ ಮೇಲೆ ಹೋದೆವು. ಅಧಿಕ ಮಾಸವೆಂದು ಕಾಕೂ ಎಲ್ಲಿಂದಲೋ ಹೊಂದಿಸಿ ಅನಾರಸೆಯ ಸಿಹಿ ಮಾಡಿದ್ದಳು. ಆಲದ ಮರ ಎತ್ತಿ ತಟ್ಟೆ ತಂದಿಟ್ಟಳು. ತಿಂದೆವು. ತಿಂದ ಮೇಲೆ ಮಾವ ನೋಟೀಸು ಕೊಟ್ಟ. ತಾತ್ಯಾನ ಕನ್ನಡಕದ ಒಂದು ಗಾಜು ಒಡೆದಿತ್ತು; ಹಾಗಾಗಿ ಮಾವನೇ ಅದನ್ನು ತಿರುಗಿ ಇಸಕೊಂಡು ಗಟ್ಟಿಯಾಗಿ ಓದಿದ. ಕಾಕೂ ನಡುವೆ ಯಾರ ಮದುವೆ ಎಂದು ಕೇಳಿದಳು. ಗಡುವಿನ ತಾರೀಖು ಬಂದಾಗ ಮಾವ ನಿಂತು, ಅಕ್ಷರದ ಮೇಲೆ ಬೆರಳಿಟ್ಟು, ಇಲ್ಲಿ ನೋಡು ತಾತ್ಯಾ, ನಿನ್ನ ಜೀವ ಇರುವುದು ಇಲ್ಲಿ ಎಂದು ತೋರಿಸಿದ. ತಾತ್ಯಾ ಒಂದು ಕಣ್ಣು ಮುಚ್ಚಿ ನೋಡಿ, ಅಕ್ಷರ ದುಂಡಗೆ ಚೆನ್ನಾಗಿವೆ, ಯಾರದು ಎಂದು ಕೇಳಿದ. ನಾನು ನಾಚಿದೆ.

ಅಂದಿನಿಂದ ಮೇಲಿನ ಖೋಲಿಯಲ್ಲಿ ತಾಲೀಮು ಶುರುವಾಯಿತು. ಫಿರ್ಯಾದಿಯೇ ಪ್ರತಿವಾದಿಗೆ ಪಾಠ ಹೇಳುವ ಸೋಜಿಗವನ್ನು ಪುಣೆ ಅದಕ್ಕೆ ಮೊದಲು ಕಂಡಿರಲಾರದು! ಸಂಜೆಯಾದರೆ ಮಾವ ಚಪ್ಪಲಿ ಬಿಟ್ಟು ಮೇಲೆ ಹತ್ತುತ್ತಿದ್ದ. ಗೋಡೆಗೆ ರಾಜಸಭೆಯ ಪಡದೆ ಇಳಿಬಿಡಿಸಿ, ಅದರ ಮುಂದೆ ಟ್ರಂಕಿನ ಮೇಲೆ ನನ್ನನ್ನು ನ್ಯಾಯಾಧೀಶನಾಗಿ ಕೂಡಿಸುತ್ತಿದ್ದ. ಮಾಮಿಯ ಶಾಲು ನನ್ನ ಗೌನು. ಹಿಂದೆ ಚಿನ್ನದ ಕಂಬಗಳು, ಮೇಲೆ ಛತ್ರಿ. ನನ್ನ ತಲೆ ತಿರುಗದೆ ಇದ್ದೀತೆ? ಮೊದಲ ದಿನ ಪ್ರತಿವಾದಿ ಬಾಯಿ ತೆರೆಯುವ ಮೊದಲೇ ನಾನು, ಮಾಲಕ ತನ್ನ ಅಳಿಯನಿಗೆ ದಿನಾ ನಾಲ್ಕಾಣೆ ಕೈಖರ್ಚಿಗೆ ಕೊಡಬೇಕು ಎಂದು ತೀರ್ಪು ಕೊಟ್ಟುಬಿಟ್ಟೆ. ಮಾವ ನ್ಯಾಯಾಧೀಶರ ತಲೆಯ ಮೇಲೆ ಮೊಟಕಿ ವಿಚಾರಣೆ ಮುಂದುವರಿಸಿದ.

ತೊಂದರೆ ನ್ಯಾಯಾಧೀಶನದಲ್ಲ, ತಾತ್ಯಾನದು. ಜೀವಮಾನವೆಲ್ಲ ರಂಗದ ಹಿಂದೆ ಕಳೆದವನಿಗೆ ರಂಗದ ಮುಂದೆ ನಿಂತು ಒಂದು ಮಾತು ಆಡಲು ಬರುತ್ತಿರಲಿಲ್ಲ. ನಿನ್ನ ಬಾಡಿಗೆಯ ತಿಂಗಳು ಯಾವುದು ಎಂದು ನಾನು ಗುಡುಗಿದರೆ ಅವನು ನನ್ನ ತಲೆಯ ಮೇಲಿಂದ ಪಡದೆಯನ್ನೇ ದಿಟ್ಟಿಸುತ್ತಿದ್ದ. ಬಹಳ ಹೊತ್ತಾದ ಮೇಲೆ, ಬಲಗಡೆಯ ಕಂಬಕ್ಕೆ ನೆರಳು ಕಡಿಮೆಯಾಯಿತು ಎನ್ನುತ್ತಿದ್ದ. ಮಾವ ಹಣೆ ಬಡಿದುಕೊಂಡು ಮತ್ತೆ ಮೊದಲಿನಿಂದ ಹೇಳಿಕೊಡುತ್ತಿದ್ದ. ಕೊನೆಕೊನೆಗೆ ಆಲದ ಮರದ ಹಿಂದಿನಿಂದ ಕಾಕೂಗೇ ಉತ್ತರ ಬಾಯಿಪಾಠವಾಗಿತ್ತು. ತಾತ್ಯಾನಿಗೂ ಒಂದು ಸಂಜೆ ಹೇಗೋ ಬಂದುಬಿಟ್ಟಿತು. ಮಾವ ಅವನನ್ನು ತಬ್ಬಿಕೊಂಡ.

ಕೆಳಗೆ ಮಾಮಿಗೆ ಈ ತಾಲೀಮಿನ ಸುಳಿವು ಇರಲಿಲ್ಲವೆ? ಇತ್ತೋ ಏನೋ. ನಾವು ತಾತ್ಯಾನ ಮೇಲೆ ಒತ್ತಡ ಹಾಕಲು ಹೋಗುತ್ತೇವೆಂದು ಮಾವ ಹೇಳಿದ್ದ. ಒತ್ತಡ ಹಾಕಿ ಬರುವವರ ಬಾಯಲ್ಲಿ ಚಹಾದ ವಾಸನೆ ಹೇಗೆ ಎಂದು ಅವಳು ಕೇಳಲಿಲ್ಲ. ಮಾಮಿ, ಕಾಕೂ ಇಬ್ಬರೂ ದಾವೆ ಶುರುವಾದಾಗಿನಿಂದ ಮಾತು ಬಿಟ್ಟಿದ್ದರು. ಹೌದಿನ ಹತ್ತಿರ ಎದುರಾದರೆ ಒಬ್ಬರು ಕೊಡ ತುಂಬುವ ತನಕ ಇನ್ನೊಬ್ಬರು ಗೋಡೆ ನೋಡುತ್ತಿದ್ದರು.

ಕೋರ್ಟಿನ ದಿನ ಬಂತು. ಫಿರ್ಯಾದಿ, ಪ್ರತಿವಾದಿ ಮತ್ತು ನಾನು ಒಂದೇ ಟಾಂಗಾದಲ್ಲಿ ಹೋದೆವು. ಹೋಗುವ ಜಾಗ ಒಂದೇ ಆದಾಗ ಎರಡು ಟಾಂಗಾ ಮಾಡಲು ನಮಗೆ ಹುಚ್ಚೆ? ಎರಡೂ ಕಡೆ ವಕೀಲರಿಲ್ಲ. ಮುನ್ಸೀಫ ಸಾಹೇಬರು ನೋಟೀಸು ಓದುತ್ತ ಸಹಕುಟುಂಬ ಸಹಪರಿವಾರದಲ್ಲಿ ಒಮ್ಮೆ ನಿಂತು, ಕನ್ನಡಕ ಒರೆಸಿಕೊಂಡು, ಮುಂದೆ ಹೋದರು. ಆಮೇಲೆ, ಮಾವನ ಪುಣ್ಯ, ಗಡುವಿನ ತಾರೀಖಿನಲ್ಲಿ ತಾವಾಗಿಯೇ ನಿಂತರು. ಬಾಕಿ ಕೇಳಿರುವುದು ಒಂದು ಪಂಚಾಂಗದಲ್ಲಿ, ಮನೆ ಬಿಡಲು ಹೇಳಿರುವುದು ಇನ್ನೊಂದರಲ್ಲಿ, ಇದೇನಿದು ಎಂದರು. ತಾತ್ಯಾನ ಕಡೆ ತಿರುಗಿ, ನಿಮ್ಮ ಬಾಡಿಗೆಯ ತಿಂಗಳು ಯಾವ ಪಂಚಾಂಗದ್ದು ಎಂದು ಕೇಳಿದರು. ನಮ್ಮ ತಾಲೀಮಿನ ಅದೇ ಪ್ರಶ್ನೆ! ಮಾವ ಸಂತೋಷ ತಡೆಯಲಾರದೆ ನನ್ನ ತೊಡೆ ಚಿವುಟಿದ.

ತಾತ್ಯಾ ಸಾಹೇಬರ ಹಿಂದಿನ ಗೋಡೆ ನೋಡಿದ. ಅಲ್ಲಿ ಕಂಬಗಳಿರಲಿಲ್ಲ, ಬರೀ ಸುಣ್ಣ. ಆಮೇಲೆ ಸಾಹೇಬರನ್ನೇ ನೋಡಿ, ಒಂದಕ್ಷರವೂ ತೊದಲದೆ ಹೇಳಿದ:

"ಯಾವ ಪಂಚಾಂಗ ತೆರೆದು ನೋಡಿದರೂ ಸಾಹೇಬ, ನಾನು ಬಾಡಿಗೆ ಕೊಟ್ಟಿಲ್ಲ."

ಮಾವ ದಡಬಡಿಸಿ ಎದ್ದು ನಿಂತು, ಅವರಿಗೆ ಪ್ರಶ್ನೆ ತಿಳಿದಿಲ್ಲ, ದಯವಿಟ್ಟು ಇನ್ನೊಮ್ಮೆ ಕೇಳಬೇಕು ಎಂದ. ನೀವು ಯಾರ ಕಡೆಯವರು ಎಂದು ಸಾಹೇಬರು ಕೇಳಿದರು. ಸದ್ಯಕ್ಕೆ ಫಿರ್ಯಾದಿ ಎಂದ ಮಾವ. ಹಾಗಾದರೆ ಕೂತುಕೊಳ್ಳಿ, ನೀವು ಗೆಲ್ಲುತ್ತಿದ್ದೀರಿ ಎಂದರು ಸಾಹೇಬರು. ಬಾಡಿಗೆದಾರ ತಾನೇ ತಕರಾರು ಎತ್ತದಿದ್ದ ಮೇಲೆ ನೋಟೀಸಿನ ತಪ್ಪನ್ನು ಹಿಡಿದು ಅವರೇನು ಮಾಡಬೇಕು? ಬಾಕಿ ತುಂಬಬೇಕು, ಇಲ್ಲವೆ ಎರಡು ತಿಂಗಳೊಳಗೆ ಖೋಲಿ ಬಿಡಬೇಕು ಎಂದು ಹುಕುಮಾಯಿತು. ಇಂಗ್ಲೀಷ್ ತಿಂಗಳು.

ಮರಳುವಾಗಲೂ ಒಂದೇ ಟಾಂಗಾ. ಗೆದ್ದವನು ದಾರಿಯುದ್ದಕ್ಕೂ ಸೋತವನನ್ನು ಬಯ್ದ. ಇಷ್ಟು ಸಂಜೆ ಹಾಳು ಮಾಡಿ ಹೇಳಿಕೊಟ್ಟೆನಲ್ಲ, ಒಂದು ಶಬ್ದ, ಒಂದೇ ಶಬ್ದ ಹೇಳಲು ನಿನಗೇನು ಬಂದಿತ್ತು, ಬಾಡಿಗೆದಾರನಾಗಲು ಲಾಯಕ್ಕಿಲ್ಲದ ಮನುಷ್ಯ! ತಾತ್ಯಾ ಹೊರಗೆ ನೋಡುತ್ತ ಎಲ್ಲ ಕೇಳಿಸಿಕೊಂಡ. ಲಕಡಿ ಪೂಲಿನ ಸೇತುವೆ ದಾಟುವಾಗ ನಿಧಾನವಾಗಿ ಹೇಳಿದ: ತಾನು ಪಡದೆ ಇಳಿಬಿಟ್ಟರೆ ಅದು ಪಡದೆಯೆಂದು ನೋಡುವವರಿಗೆಲ್ಲ ಗೊತ್ತಿರುತ್ತದೆ, ದುಡ್ಡು ಕೊಟ್ಟೇ ಕೂತಿರುತ್ತಾರೆ. ಇಲ್ಲಿ ಅದು ನಾಟಕವೆಂದು ಗೊತ್ತಿದ್ದದ್ದು ನಮ್ಮ ಮೂವರಿಗೆ ಮಾತ್ರ.

ನಾನು ಏನಾದರೂ ತಮಾಷೆ ಮಾಡೋಣವೆಂದು ಬಹಳ ಹುಡುಕಿದೆ, ಸಿಗಲಿಲ್ಲ.

ಮನೆಯಲ್ಲಿ ಗೆದ್ದ ಸಲುವಾಗಿ ಮಾಮಿ ಶಿರಾ ಮಾಡಿದಳು. ಮಾವ ಮುಟ್ಟಲಿಲ್ಲ, ಹಾಗಾಗಿ ಎರಡು ಪಾಲು ನಾನು ತಿಂದೆ. ದುಃಖದಲ್ಲಿ ನನಗೆ ಹಸಿವೆ ಹೆಚ್ಚು. ಎರಡು ತಿಂಗಳು ಮುಗಿದವು. ಬಾಕಿ ತುಂಬಲು ತಾತ್ಯಾನ ಹತ್ತಿರ ಕಾಸಿಲ್ಲ, ಹೋಗಲು ಜಾಗವಿಲ್ಲ. ಮಾವನ ಆಲೋಚನೆ ಏನೆಂದರೆ, ದರಖಾಸ್ತು ಕೊಡದೆ ಸುಮ್ಮನಿದ್ದುಬಿಡುವುದು, ಹುಕುಮು ಕಪಾಟಿನಲ್ಲಿ ಮುದಿಯಾಗಿ ತಾನಾಗಿ ಸಾಯುತ್ತದೆ. ಆದರೆ ಆ ವಾರ ಸರಾಫನ ಆಳು ಬಂದು, ಬಡ್ಡಿ ಬರದಿದ್ದರೆ ಪಾಟ್ಲಿ ಕರಗಿಸುತ್ತೇವೆ ಎಂದು ಹೇಳಿ ಹೋದ. ಮಾಮಿ ಮರುದಿನ ಒಲೆ ಹೊತ್ತಿಸಲಿಲ್ಲ. ಅದರ ಮರುದಿನವೂ ಇಲ್ಲ. ಮಾವನ ಇಡೀ ಶಾಸ್ತ್ರದಲ್ಲಿ ಇದಕ್ಕೆ ಮಾತ್ರ ತಡೆಯಾಜ್ಞೆ ಇರಲಿಲ್ಲ. ಎರಡು ದಿನ ನಾವು ಖಾನಾವಳಿಯ ಸಾರು ಕುಡಿದೆವು; ಮೂರನೆಯ ದಿನ ಮಾವ ಹೋಗಿ ದರಖಾಸ್ತಿಗೆ ಸಹಿ ಹಾಕಿ ಬಂದ.

ಬೇಲೀಫ ಬಂದದ್ದು ಬಿಸಿಲುಗಾಲದ ಒಂದು ಬೆಳಿಗ್ಗೆ. ದಪ್ಪಗಿನ, ಸುಸ್ತಾದ, ಮರ್ಯಾದಸ್ಥ ಮನುಷ್ಯ. ಜೊತೆಗೆ ಇಬ್ಬರು ಜವಾನರು, ಹಲಗೆ ಬಾರಿಸುವವನೊಬ್ಬ. ಮಾವ ಅವನನ್ನು ಹೊಸ್ತಿಲಲ್ಲೇ ತಡೆದ. ಸೂರ್ಯ ಪೂರ್ತಿ ಮೂಡಿದ್ದಾನೆಯೇ ಎಂದು ಖಾತ್ರಿಯಾಗಬೇಕು ಎಂದ. ಬೇಲೀಫ ಮೇಲೆ ನೋಡಿ ಕಣ್ಣು ಕಿರಿದುಮಾಡಿ, ಮೂಡಿದ್ದಾನೆ ಎಂದ. ಪಾತ್ರೆ ಮುಟ್ಟುವಂತಿಲ್ಲ, ಹಾಸಿಗೆ ಮುಟ್ಟುವಂತಿಲ್ಲ, ಕುಂಚ ಬಣ್ಣ ಕಸುಬಿನ ಹತ್ಯಾರು, ಮುಟ್ಟಿದರೆ ಜೋಕೆ ಎಂದು ಮಾವ ಒಂದೊಂದೇ ಬಾಣ ಬಿಟ್ಟ. ಬೇಲೀಫ ತಾಳ್ಮೆಯಿಂದ ಕೇಳಿ, ಇದು ಜಪ್ತಿಯಲ್ಲ ರಾವ್‌ಸಾಹೇಬ, ಮಾಲಕನಿಗೆ ಖೋಲಿಯ ತಾಬಾ ಕೊಡಿಸುವುದು, ಸಾಮಾನು ನಾವು ಒಯ್ಯುವುದಿಲ್ಲ, ಹೊರಗೆ ಇಡುತ್ತೇವೆ ಅಷ್ಟೆ ಎಂದ. ಆಮೇಲೆ ಕಾಗದ ನೋಡಿ, ಬಾಡಿಗೆದಾರರು ತಾವೇನೋ ಎಂದು ಕೇಳಿದ. ಮಾಲಕ ಎಂದು ತಿಳಿದಾಗ ಆ ಮನುಷ್ಯ ಹಲಗೆಯವನ ಮುಖ ನೋಡಿದ ನೋಟ ನನಗೆ ಇನ್ನೂ ನೆನಪಿದೆ.

ಸಾಮಾನು ಇಳಿಯತೊಡಗಿತು. ಪಡದೆಗಳ ಉದ್ದನೆಯ ಬಿದಿರುಗಳು ಮೆಟ್ಟಿಲಿನ ತಿರುವಿನಲ್ಲಿ ತಿರುಗಲಿಲ್ಲ. ಕಿಟಕಿಯಿಂದ ಹಗ್ಗ ಕಟ್ಟಿ ಇಳಿಸಬೇಕಾಯಿತು. ದಂಡಕಾರಣ್ಯದ ಒಂದು ತುದಿ ಹಿಡಿಯಲು ನಾನು ಕೆಳಗೆ ನಿಂತೆ. ಹಗ್ಗ ಜಾರಿತು, ಕಾಡು ಬಿಚ್ಚಿಕೊಂಡಿತು, ನಾನು ಅದರೊಳಗೆ ಸುತ್ತಿಕೊಂಡು ಗಟಾರದ ತನಕ ಉರುಳಿದೆ. ರಸ್ತೆಯ ಮಂದಿ ಚಪ್ಪಾಳೆ ತಟ್ಟಿದರು. ಹಲಗೆಯವನಂತೂ ನಾಟಕ ಶುರುವಾಯಿತೆಂದುಕೊಂಡು ಎರಡು ಪೆಟ್ಟು ಬಾರಿಸಿಯೇಬಿಟ್ಟ. ಮರದ ಬೇರುಗಳಿಂದ ತಲೆ ಹೊರಹಾಕಿ ನಾನೂ ನಕ್ಕೆ. ನಕ್ಕು ತಲೆ ತಿರುಗಿಸಿದಾಗ ಕಾಕೂ ಕಂಡಳು.

ಕೊನೆಯದಾಗಿ ಅವಳು ಇಳಿದು ಬಂದಿದ್ದಳು. ದೇವರ ಪೆಟ್ಟಿಗೆ ಎದೆಗವಚಿಕೊಂಡು, ರಸ್ತೆಯ ಬದಿಗಿಟ್ಟ ಟ್ರಂಕಿನ ಮೇಲೆ ಕೂತಿದ್ದಳು. ಸುತ್ತ ಒಲೆ, ಕೊಡ, ಒರಳು, ಹಾಸಿಗೆಯ ಸುರುಳಿ. ಸಾಲೆಗೆ ಹೋಗುವ ಹುಡುಗರು, ತರಕಾರಿಯವಳು, ಸೈಕಲ್ಲಿನವನು, ಎಲ್ಲರೂ ಒಂದು ಗಳಿಗೆ ನಿಂತು ನೋಡಿ ಹೋಗುತ್ತಿದ್ದರು. ಕಾಕೂ ಸೆರಗನ್ನು ಹಣೆಯ ಕೆಳಗಿನ ತನಕ ಎಳೆದುಕೊಂಡಳು. ತಾತ್ಯಾ ಅವಳ ಹಿಂದೆ ನಿಂತು ಬಣ್ಣದ ಡಬ್ಬಿಗಳ ಮುಚ್ಚಳ ಬಿಗಿ ಮಾಡುತ್ತಿದ್ದ. ಅವೆಲ್ಲ ಆಗಲೇ ಬಿಗಿಯಾಗಿದ್ದವು.

ಮಾಮಿ ನಮ್ಮ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ. ಬರಿಗೈಗಳನ್ನು ಸೆರಗಿಗೆ ಒರೆಸಿಕೊಂಡಳು. ಹೊಸ್ತಿಲು ಇಳಿದು, ಯಾರನ್ನೂ ನೋಡದೆ ರಸ್ತೆ ದಾಟಿ ಬಂದಳು. ಕಾಕೂನ ಪಕ್ಕದಲ್ಲಿ ಹಾಸಿಗೆಯ ಸುರುಳಿಯ ಮೇಲೆ ಕೂತಳು. ಕೂತು, ತನ್ನ ಸೆರಗನ್ನೂ ಹಣೆಯ ಕೆಳಗೆ ಎಳೆದುಕೊಂಡಳು. ದೂರದಿಂದ ನೋಡಿದವರಿಗೆ ಯಾರು ಯಾರೆಂದು ತಿಳಿಯುವ ಹಾಗಿರಲಿಲ್ಲ.

ಛತ್ರಿ ಹಿಡಿದ ಮುದುಕರೊಬ್ಬರು ನಿಂತು, ಯಾರ ಬಿಡಾರವಮ್ಮ ಇದು, ಯಾರನ್ನು ಎಬ್ಬಿಸಿದರು ಎಂದು ಮರಾಠಿಯಲ್ಲಿ ಕೇಳಿದರು. ಕಾಕೂನ ತುಟಿ ಅಲುಗಿತು. ಅದಕ್ಕೂ ಮೊದಲು ಮಾಮಿ ಹೇಳಿದಳು.

"ಆಮಚಂ."

ನಮ್ಮದು.

ಮಾವ ಕೇಳಿಸಿಕೊಂಡ. ಬೇಲೀಫನ ಹತ್ತಿರ ಹೋಗಿ, ಹುಕುಮಿನಲ್ಲಿ ಮೇಲಿನ ಎರಡು ಖೋಲಿ ಎಂದು ತಾನೆ ಇರುವುದು, ಕೆಳಗಿನವುಗಳ ಸುದ್ದಿ ಏನಾದರೂ ಇದೆಯೇ ಎಂದು ಕೇಳಿದ. ಏನೂ ಇಲ್ಲ ಎಂದ ಬೇಲೀಫ. ಮೇಲಿನ ಖೋಲಿಯ ಬೀಗದ ಕೈ ಕೊಟ್ಟು, ಸಹಿ ತೆಗೆದುಕೊಂಡು, ಛತ್ರಿ ಬಿಚ್ಚಿ ಹೊರಟುಹೋದ. ಮಾವ ಬೀಗದ ಕೈಯನ್ನು ನನ್ನ ಕಡೆ ಎಸೆದು, ನಮ್ಮ ಹಾಸಿಗೆಗಳನ್ನು ಮೇಲೆ ಒಯ್ಯಲು ಹೇಳಿದ. ತಾನು ಬಗ್ಗಿ ತಾತ್ಯಾನ ಒಲೆ ಎತ್ತಿಕೊಂಡು ನಮ್ಮ ಬಾಗಿಲೊಳಗೆ ನಡೆದ.

ಸಾಮಾನು ಸಾಗಿಸಲು ಮಧ್ಯಾಹ್ನವಾಯಿತು. ಅದು ಮುಗಿಯುವವರೆಗೆ ಮಾಮಿ ಅಲ್ಲಿಂದ ಏಳಲಿಲ್ಲ. ಬಿಸಿಲು ಏರಿದಾಗ ತನ್ನ ಸೆರಗಿನ ಅರ್ಧವನ್ನು ಕಾಕೂನ ತಲೆಯ ಮೇಲೂ ಎಳೆದಳು. ದಾರಿಯಲ್ಲಿ ಹೋಗುವವರು ಒಬ್ಬೊಬ್ಬರಾಗಿ ನಿಂತು ಕೇಳುತ್ತಿದ್ದರು, ಅವಳು ಒಬ್ಬೊಬ್ಬರಿಗೂ ಅದೇ ಒಂದು ಮಾತು ಹೇಳುತ್ತಿದ್ದಳು.